ಫಿಟ್ಟರ್ ಮಾಮನ ಮುಂಗೈ

ಅವರ ಎಡ ಮುಂಗೈಯ ಒಳಬದಿಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಬಿದಿಗೆ ಚಂದ್ರನಂಥ ಸಣ್ಣ ಸಣ್ಣ ಗುರುತುಗಳಿದ್ದವು. ಮಗ್ಗದ ಲಾಳಿ ಹಾರಿ ಬಡಿದ ಗಾಯದ ಕಲೆಗಳು ಮೊಣಕೈ ಹತ್ತಿರ ಬೇರೆಯೇ ಇದ್ದವು. ಇವು ಮಕ್ಕಳ ಉಗುರಿನವು. ಎಲ್ಲಕ್ಕಿಂತ ಆಳದ್ದು ನನ್ನ ಉಗುರಿನದೆಂದು ಅವರು ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತಿದ್ದರು. ನನಗೆ ನಾಚಿಕೆ, ಒಳಗೊಳಗೇ ಜಂಬ.

ತಮಿಳುಸೀಮೆಯ ಸೋಮನೂರಿನ ನಮ್ಮ ನೇಕಾರರ ಬೀದಿಯಲ್ಲಿ ಮನೆಗೊಂದು ಶೆಡ್ಡು, ಶೆಡ್ಡಿನಲ್ಲಿ ನಾಲ್ಕೋ ಆರೋ ಪವರ್‌ಲೂಮು. ಮಗ್ಗ ಕೆಟ್ಟರೆ ಎಲ್ಲರೂ ಕರೆಯುತ್ತಿದ್ದುದು ಈ ಫಿಟ್ಟರ್ ಮಾಮನನ್ನೇ. ಒಳಗೆ ಬರುವ ಮೊದಲೇ, ಬಾಗಿಲಾಚೆ ಚಪ್ಪಲಿ ಬಿಡುತ್ತ, ಸದ್ದು ಕೇಳಿಯೇ ಯಾವ ಮಗ್ಗಕ್ಕೆ ಏನಾಗಿದೆಯೆಂದು ಹೇಳಿಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಅಮ್ಮ ಕೊಟ್ಟ ಕಾಫಿ ಕುಡಿದು, ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನಗೊಂದು ಚೂರು ಬೆಲ್ಲ ಕೊಡುವುದು ವಾಡಿಕೆ. ಅದೇ ಜೇಬಿನಲ್ಲಿ ನಟ್ಟು ಬೋಲ್ಟುಗಳೂ ಇರುತ್ತಿದ್ದುದರಿಂದ ಬೆಲ್ಲಕ್ಕೆ ಮಗ್ಗದ ಎಣ್ಣೆಯ ವಾಸನೆ. ಈಗಲೂ ಶುದ್ಧ ಬೆಲ್ಲ ತಿಂದರೆ ನನಗೆ ಏನೋ ಕಡಿಮೆಯಾದಂತೆ ಅನ್ನಿಸುತ್ತದೆ.

ನನಗೆ ಒಂಬತ್ತು ವರ್ಷವಾದರೂ ಕಿವಿ ಚುಚ್ಚಿರಲಿಲ್ಲ. ನಮ್ಮಲ್ಲಿ ಮಗುವನ್ನು ಸೋದರಮಾವನ ಮಡಿಲಲ್ಲಿ ಕೂರಿಸಿಯೇ ಕಿವಿ ಚುಚ್ಚಬೇಕು. ನನ್ನ ಅಮ್ಮನಿಗೆ ಅಣ್ಣತಮ್ಮಂದಿರಿರಲಿಲ್ಲ. ಅಮ್ಮನ ಅಪ್ಪ ಪೆರಿಯನಾಯಕನಪಾಳ್ಯದ ಕಡೆ ಒಂದು ಮಿಲ್ಲಿನಲ್ಲಿದ್ದವರು. ಎರಡೇ ಸಾಕು ಎಂದು ಸರ್ಕಾರ ಹೇಳಿದ್ದನ್ನು ಎಲ್ಲರಿಗಿಂತ ಮೊದಲು ಕೇಳಿ, ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಂಡು, ಅಲ್ಲಿ ಕೊಟ್ಟ ಬಕೆಟ್ಟನ್ನು ಸಂತೋಷದಿಂದ ಮನೆಗೆ ತಂದಿದ್ದರಂತೆ. ನಮ್ಮ ಬಸ್ ನಿಲ್ದಾಣದ ಗೋಡೆಯ ಮೇಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕ ಅಪ್ಪ, ಅಮ್ಮ, ಒಂದು ಗಂಡು, ಒಂದು ಹೆಣ್ಣು ನಗುತ್ತ ನಿಂತಿದ್ದರು. ಆ ಗೋಡೆಯ ಹುಡುಗಿಗೆ ತಮ್ಮನಿದ್ದಾನೆ, ನಾಳೆ ಅವಳ ಮಕ್ಕಳಿಗೆ ಮಾವನೂ ಸಿಗುತ್ತಾನೆ. ಎರಡೂ ಹೆಣ್ಣಾದವರ ಮೊಮ್ಮಕ್ಕಳು ಯಾರ ಮಡಿಲಲ್ಲಿ ಕೂರಬೇಕೆಂದು ಸರ್ಕಾರವೂ ಯೋಚಿಸಿರಲಿಲ್ಲ, ನಮ್ಮ ತಾತನೂ ಯೋಚಿಸಿರಲಿಲ್ಲ.

ಅಮ್ಮನ ದೊಡ್ಡಪ್ಪನ ಮಗನೊಬ್ಬನಿದ್ದ, ಅವನು ಯಾವುದೋ ಮದುವೆಯಲ್ಲಿ ಮುನಿಸಿಕೊಂಡು ಮಾತು ಬಿಟ್ಟಿದ್ದ. ಶಾಲೆಯಲ್ಲಿ ಹುಡುಗಿಯರು ನನ್ನನ್ನು "ಬೋಳು ಕಿವಿ" ಎಂದು ಕರೆಯುತ್ತಿದ್ದರು. ಅದಕ್ಕಿಂತ ಹೆಚ್ಚು ನೋವಾಗುತ್ತಿದ್ದುದು ಅಜ್ಜಿ, ಅಂದರೆ ಅಪ್ಪನ ತಾಯಿ, ಅಮ್ಮನಿಗೆ ಅನ್ನುತ್ತಿದ್ದ ಮಾತು: "ನಿಮ್ಮಪ್ಪ ಒಂದು ಗಂಡು ಆಗೋವರ್ಗೂ ತಡೀಬಾರ್ದಾಗಿತ್ತಾ?" ಅಮ್ಮ ನೂಲು ಸುತ್ತುವ ರಾಟೆಯ ಮುಂದೆ ಹೋಗಿ ಕೂರುತ್ತಿದ್ದಳು. ಸತ್ತುಹೋಗಿದ್ದ ತನ್ನಪ್ಪನನ್ನು ಬೈದರೂ ಅವಳು ಹಾಗೆ ನೂಲು ಸುತ್ತುವುದನ್ನು ನೋಡಿದರೆ ನನ್ನ ಕಿವಿಗಳ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಒಂದು ದಿನ ಅಜ್ಜಿ ಹೀಗೇ ಅನ್ನುತ್ತಿದ್ದಾಗ ಫಿಟ್ಟರ್ ಮಾಮ ಶೆಡ್ಡಿನಲ್ಲಿದ್ದರು. ಸ್ಪ್ಯಾನರ್ ಹಿಡಿದೇ ಹೊರಗೆ ಬಂದರು.

"ನಾ ಕೂತ್ರೆ ಆಗಲ್ವಾ, ಅವ್ವಾ?"

"ನೀನಾ? ಯಾವ ಮೊರೇಲಿ, ಏನ್ ಸಂಬಂದ ಅಂತ ಕೂರ್ತೀಯಪ್ಪಾ?"

"ಹತ್ತು ವರ್ಷದಿಂದ ಅಕ್ಕನ ಕೈ ಕಾಪಿ ಕುಡೀತಾ ಇವ್ನಿ. ತಮ್ಮ ಆಗೋಕೆ ಇನ್ನೂ ಎಷ್ಟು ಕುಡೀಬೇಕು ಹೇಳಿ, ಕುಡೀತೀನಿ."

ಅಜ್ಜಿ ಮುಖ ತಿರುಗಿಸಿದಳು. ಮಾಮ ಒಳಗೆ ಹೋಗಿ, ಬಿಚ್ಚಿ ಹಾಕಿದ್ದ ಮಗ್ಗದ ಪಕ್ಕದಲ್ಲಿ ಕಾಲು ಚಾಚಿ ಕೂತುಬಿಟ್ಟರು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಒಂದು ನಟ್ಟನ್ನೂ ಮುಟ್ಟಲಿಲ್ಲ. ಅಜ್ಜಿ ಎರಡು ಸಲ ಇಣುಕಿದಳು. ಮೂರನೆಯ ಸಲ, "ಸರಿ ಬುಡು, ಕೂತ್ಕೋ. ಮೊದ್ಲು ಆ ಮಗ್ಗ ಓಡ್ಸು," ಅಂದಳು. ಅಮ್ಮ ರಾಟೆಯ ಹಿಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸೌಡಮ್ಮನ ಗುಡಿಯಲ್ಲಿ ಕಿವಿ ಚುಚ್ಚಿದರು. ಮಾಮ ಬಿಳಿ ಪಂಚೆಯುಟ್ಟು, ತಟ್ಟೆಯಲ್ಲಿ ಬಾಳೆಹಣ್ಣು, ಹೂವು, ನನಗೊಂದು ಹಸಿರು ಲಂಗದ ಬಟ್ಟೆ ಇಟ್ಟುಕೊಂಡು, ನಿಜವಾದ ಸೋದರಮಾವನಂತೆಯೇ ಬೀದಿಯುದ್ದಕ್ಕೂ ನಡೆದು ಬಂದರು. ಅಕ್ಕಸಾಲಿಗ ಆಚಾರಿ ಚಿನ್ನದ ತಂತಿ ತೆಗೆದದ್ದೇ ತಡ, ನಾನು ಏಳಲು ನೋಡಿದೆ. ಅವರು ಎಡ ಮುಂಗೈಯನ್ನು ನನ್ನ ಮುಂದೆ ಚಾಚಿದರು. "ಅಮ್ಮಿಣಿ, ನಿಂಗೆ ಎಷ್ಟು ನೋವಾಗುತ್ತೋ ಅಷ್ಟೂ ಇಲ್ಲಿ ಗಿಲ್ಲು." ನಾನು ಜಿಪುಣತನ ಮಾಡಲಿಲ್ಲ.

ಎರಡೂ ಕಿವಿ ಮುಗಿದ ಮೇಲೆ, ಬೆಲ್ಲ ಬಾಯಲ್ಲಿಟ್ಟುಕೊಂಡು ಬಿಕ್ಕುತ್ತಲೇ ಕೇಳಿದೆ: "ಮಾಮಾ, ನಿಮ್ಗೂ ಇಬ್ರೂ ಹೆಣ್ಮಕ್ಳೇ ಅಲ್ವಾ? ಅವ್ರ ಪಾಪಾಗೆ ಯಾರು ಕೂರ್ತಾರೆ?"

ಗಂಡಸರು ಹೆಂಡತಿಯರನ್ನು ಆಪರೇಷನ್ನಿಗೆ ಕಳಿಸಿ ತಾವು ಚಹಾದಂಗಡಿಯಲ್ಲಿ ಕೂರುತ್ತಿದ್ದ ಕಾಲದಲ್ಲಿ, ಎರಡನೆಯ ಮಗಳು ಹುಟ್ಟಿದ ಮೇಲೆ ತಾವೇ ಹೋಗಿ ಮಾಡಿಸಿಕೊಂಡು ಬಂದವರು ಮಾಮ. ಯಾರಾದರೂ ಕೆಣಕಿದರೆ, "ಎರಡು ದಿನ ಸ್ಪ್ಯಾನರ್ ಹಿಡೀಲಿಲ್ಲ, ಅಷ್ಟೇ ತಾನೆ?" ಎಂದು ಮುಂದಿನ ಮಗ್ಗಕ್ಕೆ ಹೋಗುತ್ತಿದ್ದರು. ಆ ದಿನ ಮಾತ್ರ ನನ್ನನ್ನೇ ನೋಡಿದರು.

"ನೀನು ಕೂತ್ಕೋ," ಅಂದರು.

"ಹೂಂ," ಅಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಆಮೇಲೆ ಬೀದಿಯಲ್ಲಿ ಯಾರ ಮನೆಯಲ್ಲಿ ಮಾವನಿಲ್ಲದ ಮಗುವಿದ್ದರೂ ಫಿಟ್ಟರ್ ಮಾಮನಿಗೆ ಕರೆ ಬರತೊಡಗಿತು. ಅಂಥ ಮಕ್ಕಳೇನೂ ಕಡಿಮೆಯಿರಲಿಲ್ಲ. ಅವರ ಪಂಚೆಗಳೆಲ್ಲ ಎಣ್ಣೆಕಲೆಯವು. ಒಂದನ್ನು ಮಾತ್ರ ಕಿವಿ ಚುಚ್ಚುವುದಕ್ಕೆಂದೇ ಒಗೆದು ಮಡಿಸಿಟ್ಟಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಹದಿನೆಂಟು. ಅವರ ದೊಡ್ಡ ಮಗಳನ್ನು ಮಡತ್ತುಕುಳಂನ ಬೇಸಾಯದ ಮನೆಗೆ ಕೊಟ್ಟಿದ್ದರು. ಅವಳಿಗೊಂದು ಹೆಣ್ಣು ಮಗುವಾಗಿತ್ತು. ಒಂದು ಬೆಳಿಗ್ಗೆ ಮಾಮ ವೀಳ್ಯದ ತಟ್ಟೆ ಹಿಡಿದು ಬಂದು, ಅಪ್ಪನಿಗಲ್ಲ, ಅಮ್ಮನಿಗಲ್ಲ, ನನ್ನ ಮುಂದೆ ಚಾಚಿದರು.

"ಅಮ್ಮಿಣಿ, ಮೊಮ್ಮಗಳ್ಗೆ ಕಿವಿ ಚುಚ್ಚೋದು. ಬಾ."

"ಮಾಮಾ, ಅದು ಆಟದ ಮಾತು. ನಿಮ್ಮ ಮಡಿಲಲ್ಲಿ ಕೂತ ಗಂಡುಹುಡುಗ್ರು ಎಷ್ಟು ಜನ ಇದಾರೆ!"

"ಇದಾರೆ. ಮಾತು ಕೊಟ್ಟೋಳು ನೀನು."

ಮಡತ್ತುಕುಳಂನಲ್ಲಿ ನಾನು ಸೀರೆಯುಟ್ಟು ಹಲಗೆಯ ಮೇಲೆ ಕೂತದ್ದನ್ನು ನೋಡಿ ಬೀಗಿತ್ತಿಗೆ ಸರಿಬರಲಿಲ್ಲ. "ಇದೇನ್ ಸಂಬಂದಿ, ತಾಯ್‌ಮಾಮ ಕೂರೋ ಜಾಗ್ದಲ್ಲಿ ಹೆಣ್ಣು?"

"ಸಂಬಂದಿಯಮ್ಮಾ, ನಾ ಯಾರ್ ಜೊತೇಲೂ ಹುಟ್ದೋನಲ್ಲ, ಆದ್ರೂ ಒಂದು ಬೀದಿಗೆ ಮಾಮ ಆದೆ. ಇವ್ಳು ಗಂಡ್ಸಲ್ಲ, ಅಷ್ಟೇ ತಾನೆ? ಮಗು ಗಿಲ್ಲೋಕೆ ಒಂದು ಕೈ ಬೇಕು. ಇದೆ ನೋಡಿ."

ಬೀಗಿತ್ತಿ ಇನ್ನೂ ಏನೋ ಅನ್ನುವವರಿದ್ದರು. ಅಷ್ಟರಲ್ಲಿ ಮಾಮನ ಮಗಳು ಬಂದು ಮಗುವನ್ನು ನನ್ನ ಮಡಿಲಲ್ಲಿ ಕೂರಿಸಿಯೇಬಿಟ್ಟಳು. ಆಚಾರಿ ತಂತಿ ತೆಗೆದ. ನಾನು ಎಡ ಮುಂಗೈ ಚಾಚಿದೆ. ಅಷ್ಟು ಪುಟ್ಟ ಬೆರಳಿಗೆ ಅಷ್ಟು ಶಕ್ತಿ ಎಲ್ಲಿತ್ತೋ! ಎಲ್ಲ ಮುಗಿದ ಮೇಲೆ ಮಾಮ ಕನ್ನಡಕ ಹಾಕಿಕೊಂಡು ನನ್ನ ಕೈಯನ್ನು ಬೆಳಕಿಗೆ ಹಿಡಿದರು. ತಮ್ಮ ಕೈಯನ್ನು ಅದರ ಪಕ್ಕದಲ್ಲಿಟ್ಟು, "ಗುರುತು ರೊಂಬ ಚೆನ್ನಾಗಿ ಬಿದ್ದೈತೆ," ಅಂದರು. ಕಣ್ಣು ತುಂಬಿತ್ತು; ಮರೆಸಲು ಹೋಗಲಿಲ್ಲ.

ಮಾಮ ತೀರಿಕೊಂಡು ಬಹಳ ಕಾಲವಾಯಿತು. ಅವತ್ತು ಅವರ ಮುಂಗೈಯಲ್ಲಿ ನನ್ನ ಗುರುತನ್ನು ಹುಡುಕಿದೆ. ಚರ್ಮ ಸುಕ್ಕಾಗಿ ಎಲ್ಲವೂ ಒಂದರಲ್ಲೊಂದು ಸೇರಿಹೋಗಿದ್ದವು, ಯಾವುದು ನನ್ನದೆಂದು ತಿಳಿಯಲಿಲ್ಲ. ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದ ಆ ಮೊಮ್ಮಗಳು ಅಷ್ಟು ನೆಂಟರ ನಡುವೆ ನನ್ನನ್ನು ಹುಡುಕಿಕೊಂಡು ಬಂದು ಕೈ ಹಿಡಿದು ನಿಂತಳು. "ಅಳಬೇಡ, ಮಾಮಾ," ಅಂದಳು. ಈಗ ಅವಳಿಗೇ ಇಬ್ಬರು ಮಕ್ಕಳಿದ್ದಾರೆ. ನನ್ನನ್ನು ಇನ್ನೂ ಹಾಗೇ ಕರೆಯುತ್ತಾಳೆ.