ಸಂಡೂರಿಗೆ ಯಾವ ಬಣ್ಣದ ಸೀರೆ

ಮೊಮ್ಮಗಳಿಗೆ ಹೊಸಪೇಟೆಯ ದೊಡ್ಡ ಬಟ್ಟೆ ಕಂಪನಿಯಲ್ಲಿ 'ಬೈಯರ್' ಕೆಲಸ ಸಿಕ್ಕಿತೆಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಬೈಯುವುದರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳನ್ನು ಮೀರಿಸುವವರಿಲ್ಲ. ಅದಕ್ಕೆ ಸಂಬಳವನ್ನೂ ಕೊಡುತ್ತಾರೆಂದರೆ ಕಾಲ ಭಾಳ ಸುಧಾರಿಸಿದೆ ಅಂದುಕೊಂಡೆ.

"ಬೈಯೋದಲ್ಲಜ್ಜಿ, ಖರೀದಿ ಮಾಡೋದು. ಯಾವ ಅಂಗಡಿಗೆ ಯಾವ ಮಾಲು, ಎಷ್ಟು ಕಳಸಬೇಕು ಅಂತ ನೋಡೋದು" ಎಂದಳು.

ಸಂತೆ ಮಾಡಲು ಸಂಬಳ! ನಾನು ಜೀವಮಾನವಿಡೀ ಪುಕ್ಕಟೆ ಮಾಡಿದ್ದೆನಲ್ಲ. ನಮ್ಮೂರು ಯಶವಂತನಗರದ ಬಸ್ ಸ್ಟಾಪಿನಲ್ಲಿ ನಿಂತವರಿಗೆಲ್ಲ, ಕೇಳದಿದ್ದರೂ, ಹೇಳಿಬಂದೆ.

ಅವಳ ಮೊದಲ ಆರ್ಡರು ಸಂಡೂರಿನ ಅಂಗಡಿಗೆ ಹಬ್ಬದ ಸೀರೆ. ಅವು ಖರ್ಚಾಗದಿದ್ದರೆ ಕೆಲಸ ಕಾಯಂ ಆಗುವುದಿಲ್ಲ. ಭಾನುವಾರ ಬಂದು ಫೋನಿನಲ್ಲಿ ಕೆನೆ ಬಣ್ಣದ ಸೀರೆ ತೋರಿಸಿದಳು. ನನಗೆ ನಗು ತಡೆಯಲಾಗಲಿಲ್ಲ. ಸಂಡೂರಿನ ಗಣಿಯ ಕೆಂಪು ಧೂಳು ಕುಡಿದಿದ್ದ ನನ್ನ ಗಂಡನ ಬನಿಯನ್ನುಗಳನ್ನು ಮೂವತ್ತು ವರ್ಷ ಕುಕ್ಕಿ ಒಗೆದವಳು ನಾನು.

"ಇಟ್ಟಿಗಿ ಬಣ್ಣ ತರಸವ್ವ. ಧೂಳು ಕುಂತ್ರೂ ಗೊತ್ತಾಗಂಗಿಲ್ಲ" ಎಂದೆ. ಪಾಪ, ಬರೆದುಕೊಂಡಳು. ಓದಿದವರಿಗೂ ನನ್ನಂಥವರು ಬೇಕು ಎಂದು ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮಾಲು ಬಂದಾಗ ಸಂಡೂರಿಗೆ ಹೋಗಿ ಅಂಗಡಿಯಲ್ಲಿ ಕುಳಿತೆ. ಬಂಡ್ರಿಯಿಂದ ಬಂದ ಒಬ್ಬ ಹೆಂಗಸು ಇಟ್ಟಿಗೆ ಬಣ್ಣದ ಸೀರೆಯನ್ನು ಎರಡೇ ಬೆರಳಲ್ಲಿ ಎತ್ತಿದಳು.

"ಏನವ್ವ, ನಮ್ಮ ಅಂಗಳದ ಮಣ್ಣು ನಮಗ ಮಾರ್ತೀರೇನು?"

ನನಗೆ ತಡೆಯಲಾಗಲಿಲ್ಲ. "ಧೂಳು ಕಾಣಂಗಿಲ್ಲರೀ" ಎಂದೆ.

"ಹಬ್ಬದ ಸೀರಿ ಉಟ್ಕಂಡು ಗಣಿಗೆ ಹೋಗ್ಲೇನು? ನೀವ ಉಟ್ಕಳ್ರಿ!"

ನನ್ನ ಬಾಯಿಂದ ಕೂಸಿನ ಕೆಲಸ ಹೋಯಿತಲ್ಲ! ಅಷ್ಟರಲ್ಲಿ ಅಂಗಡಿಯ ಹುಡುಗಿ ಒಳಗಿನಿಂದ ಹಸಿರು ಅಂಚಿನ ಕೆನೆ ಬಣ್ಣದ್ದೊಂದು ಹೊರೆ ತಂದು ಹರವಿದಳು. ಅದೇ ಹೆಂಗಸು ಎರಡು ಆರಿಸಿಕೊಂಡಳು. ಸಂಜೆಯ ಹೊತ್ತಿಗೆ ಆ ಹೊರೆ ಕರಗಿತ್ತು. ನನ್ನ ಬಣ್ಣದ್ದು ಮಾತ್ರ ಗೋಡೆ ಕಟ್ಟಿದಂತೆ ಹಾಗೇ ನಿಂತಿತ್ತು.

ಮೊಮ್ಮಗಳಿಗೆ ಫೋನು ಹಚ್ಚಿದೆ. "ಕೆನಿ ಬಣ್ಣದ್ದು ಯಾವಾಗ ತರಿಸಿದ್ಯೇ?"

"ಮುಕ್ಕಾಲು ಪಾಲು ಅದ ತರಿಸೀನಜ್ಜಿ. ನಿನ್ನ ಮನಸಿಗೆ ಅಂತ ಒಂದು ಕಟ್ಟು ನಿಂದೂ ಹಾಕ್ಸಿದ್ದೆ."

"ಮತ್ತ ನಾನು ಹೇಳಿದ್ದು?"

"ಅವತ್ತು ನೀನು ರೊಟ್ಟಿ ಬಡೀವಾಗ ನಿನ್ನ ಸೀರಿ ಟ್ರಂಕು ತಗದು ನೋಡ್ದೆ. ಅದ್ರಾಗ ಇಟ್ಟಿಗಿ ಬಣ್ಣದ್ದು ಒಂದೂ ಇಲ್ಲಲ್ಲ!"

ಉಳಿದ ಕಟ್ಟನ್ನು ಕಂಪ್ಲಿಯ ಅಂಗಡಿಗೆ ಕಳಿಸಿದಳು. ಅಲ್ಲಿ ಗದ್ದೆಯ ಕಪ್ಪು ಮಣ್ಣು ನೋಡಿದ ಕಣ್ಣಿಗೆ ಅದೇ ಚೆಂದ ಕಂಡಿತಂತೆ. ಹಬ್ಬ ಮುಗಿಯುತ್ತಲೇ ಅವಳ ಕೆಲಸ ಕಾಯಂ ಆಯಿತು. ನನ್ನ ಟ್ರಂಕು ನೋಡಿಯೇ ಅವಳು ವ್ಯಾಪಾರ ಕಲಿತದ್ದು ಎಂದು ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಸುಳ್ಳೇನಲ್ಲವಲ್ಲ.