ಕೆರೆಯನ್ನು ಎಡಕ್ಕಿಟ್ಟು ನಡೆಯುತ್ತಿದ್ದ ಮುರುಗೇಶಣ್ಣ

ಬಿದರಗಟ್ಟೆ ಕೆರೆಯ ಸುತ್ತ ಮುರುಗೇಶಣ್ಣ ನಡೆಯುತ್ತಿದ್ದುದು ಒಂದೇ ದಿಕ್ಕಿನಲ್ಲಿ. ನೀರು ಯಾವಾಗಲೂ ಅವರ ಎಡಕ್ಕಿರಬೇಕು, ಕಾಡು ಬಲಕ್ಕೆ. ಏರಿಯ ಮೇಲಿನ ಚೌಡಮ್ಮನ ಗುಡಿಗೆ ಪೂಜೆಗೆ ಬರುತ್ತಿದ್ದ ಭಟ್ಟರು, ಇದು ಅಪ್ರದಕ್ಷಿಣೆಯಾಗುತ್ತದೆ, ಒಳ್ಳೆಯದಲ್ಲ ಎಂದು ಎಷ್ಟೋ ಸಲ ಹೇಳಿ ನೋಡಿದ್ದರಂತೆ. ಮುರುಗೇಶಣ್ಣ ಬೂಟು ಬಿಚ್ಚಿ ಗುಡಿಗೆ ಕೈಮುಗಿದು, ಮತ್ತೆ ಬೂಟು ಕಟ್ಟಿಕೊಂಡು ತಮ್ಮ ದಿಕ್ಕಿಗೇ ಹೊರಡುತ್ತಿದ್ದರು. ಅದಕ್ಕೆ ಕಾರಣ ಅವರ ಕಿವಿ. ಇಪ್ಪತ್ತಾರು ವರ್ಷ ಯಂತ್ರದ ಸುತ್ತಿಗೆಯ ಪಕ್ಕ ನಿಂತು ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಮಾತ್ರ ಒಣಗಿದ ಎಲೆ ಬಿದ್ದರೂ ಹಿಡಿಯುತ್ತಿತ್ತು.

"ನೀರು ಹಿಂದಿನಿಂದ ಬರಲ್ಲ. ಬರೋದೆಲ್ಲ ಕಾಡಿಂದ್ಲೇ. ಒಳ್ಳೆ ಕಿವಿ ಆ ಕಡೆ ಇರಬೇಕು ಮಾರಾಯ" ಎಂದು ನನಗೆ ಹೇಳಿದ್ದರು.

ಭದ್ರಾವತಿಯ ಒಂದು ಫೋರ್ಜಿಂಗ್ ಶೆಡ್ಡಿನಲ್ಲಿ ಅವರಿಗೆ ಕೆಲಸ. ಕೆಂಪಗೆ ಕಾದ ಕಬ್ಬಿಣವನ್ನು ಉದ್ದನೆಯ ಇಕ್ಕಳದಲ್ಲಿ ಸುತ್ತಿಗೆಯಡಿಗೆ ಹಿಡಿದು, ಹೊರಳಿಸಿ ಹೊರಳಿಸಿ ರೂಪಕ್ಕೆ ತರಬೇಕು. ಅಜ್ಜನ ಕಾಲಕ್ಕೆ ಸೇಲಂ ಕಡೆಯಿಂದ ಕೂಲಿಗೆ ಬಂದ ಮನೆತನ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಐವತ್ತರ ಆಸುಪಾಸಿನ ಒಣಕಲು ದೇಹ. ಮುಂಗೈ ತುಂಬ ಕಿಡಿ ಸಿಡಿದ ಬಿಳಿ ಚುಕ್ಕೆಗಳು. ಆರು ದಿನದ ಸುತ್ತಿಗೆ ಸದ್ದು ಕಿವಿಯೊಳಗೇ ಉಳಿದುಕೊಳ್ಳುತ್ತಿತ್ತಂತೆ. ಮಲಗಿದರೂ ಬಡಿತ, ಉಣ್ಣುವಾಗಲೂ ಬಡಿತ. ಭಾನುವಾರ ಕೆರೆ ಸುತ್ತಲು ಹೊರಟರೆ ಅರ್ಧ ದಾರಿಯಲ್ಲಿ, ಆಚೆ ದಂಡೆಯ ಬಿದಿರುಮೆಳೆ ದಾಟುವ ಹೊತ್ತಿಗೆ ಅದು ನಿಲ್ಲುತ್ತಿತ್ತು. ವಾರದಲ್ಲಿ ಆ ಒಂದು ಗಂಟೆ ಸಾಕು ಎನ್ನುತ್ತಿದ್ದರು.

ಆ ದಾರಿಯನ್ನು ಯಾರೂ ಮಾಡಿದ್ದಲ್ಲ. ದನ ಮೇಯಿಸುವವರು, ಬಿದಿರು ಕಡಿಯುವವರು ತುಳಿದು ತುಳಿದು ಆದದ್ದು. ಏರಿಯಿಂದ ಶುರುವಾಗಿ, ತೂಬು ದಾಟಿ, ಸಾಗುವಾನಿ ನೆಡುತೋಪಿನ ಅಂಚಿಗೆ ಹೋಗಿ, ಬಿದಿರಿನೊಳಗೆ ನುಗ್ಗಿ, ಬಂಡೆಗಳ ಮೇಲೆ ಹತ್ತಿ ಇಳಿದು, ಒಂದು ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ದಾಟಿ ಮತ್ತೆ ಏರಿಗೇ ಬಂದು ಸೇರುತ್ತದೆ. ಸುಮ್ಮನೆ ನಡೆದರೆ ಎರಡೂವರೆ ಗಂಟೆ. ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ ಎಲ್ಲೋ ನಾಲ್ಕು ಕಡೆ ಇರಬಹುದು, ಅಷ್ಟೆ.

ನಾನು ಅಲ್ಲಿಗೆ ಮೊದಲು ಹೋದದ್ದು ತೊಂಬತ್ತೇಳರಲ್ಲಿ. ಆಗ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಬಿಡಿಸುವ ಕೆಲಸದಲ್ಲಿದ್ದೆ. ಶಿವಮೊಗ್ಗದ ಹೊಸಮನೆಯಲ್ಲಿ ಬಾಡಿಗೆ ಮನೆ. ಆ ವರ್ಷ ನಮಗೆ ಹುಟ್ಟಿದ ಹೆಣ್ಣುಮಗು ಹತ್ತೊಂಬತ್ತು ದಿನ ಬದುಕಿ ಹೋಯಿತು. ನನ್ನ ಹೆಂಡತಿ ಶಾರದಾ ತರೀಕೆರೆಯ ತವರಿಗೆ ಹೋದವಳು ತಿಂಗಳು ಕಳೆದರೂ ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಹೋಗುವಾಗ ಅವಳು, ಆಸ್ಪತ್ರೆಗೆ ಬೇಗ ಹೋಗೋಣ ಅಂದ್ರೆ ನೀವು ಬೆಳಗಾಗಲಿ ಅಂದ್ರಿ ಎಂದಿದ್ದಳು. ಆ ಮಾತು ನಿಜವಾದ್ದರಿಂದಲೇ ನನಗೆ ಸಹಿಸಲಾಗಿರಲಿಲ್ಲ. ಉಳಿದ ದಿನ ಹೇಗೋ ಕಳೆಯುತ್ತಿತ್ತು. ಭಾನುವಾರ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಸ್ಕೂಟರ್ ತೆಗೆದು ರಾಗಿಗುಡ್ಡದ ಕಡೆಗೋ ಭದ್ರಾವತಿ ಕಡೆಗೋ ಸುಮ್ಮನೆ ಹೋಗುತ್ತಿದ್ದೆ. ಹಾಗೆ ಒಂದು ದಿನ ಟಾರು ಮುಗಿದು ಮಣ್ಣಿನ ರಸ್ತೆಯಾಗಿ, ಅದೂ ಮುಗಿದು ಕೆರೆಯ ಏರಿ ಸಿಕ್ಕಿತು. ಸ್ಕೂಟರ್ ನಿಲ್ಲಿಸಿ ಕಾಲು ಹೋದ ಕಡೆ ನಡೆದೆ.

ನಾನು ಹಿಡಿದದ್ದು ಎದುರು ದಿಕ್ಕು. ಬಿದಿರಿನೊಳಗೆ ಖಾಕಿ ಅಂಗಿಯ ಒಬ್ಬರು ಎದುರಾಗಿ ಕೈಯೆತ್ತಿ ನಿಲ್ಲಿಸಿದರು. ಮುಂದೆ ಹೋಗಬೇಡ ಎಂದರು. ಯಾಕೆ ಎಂದು ಕೇಳಿದ್ದಕ್ಕೆ, ತಾವು ದಾಟಿದ ಮೇಲೆ ಹಿಂದೆ ಆನೆ ಇಳಿದಿದೆ, ಬಿದಿರು ಮುರಿಯುವ ಸದ್ದು ಕೇಳಿತು ಎಂದರು. ನನಗೇನೂ ಕೇಳಿಸಿರಲಿಲ್ಲ. ಇದ್ದರೆ ಇರಲಿ ಎಂದುಬಿಟ್ಟೆ. ಅವರು ನನ್ನ ಮುಖ ನೋಡಿದರು.

"ತಿರುಗಪ್ಪಾ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ" ಎಂದರು.

ಏರಿ ಮುಟ್ಟುವವರೆಗೂ ನಾನು ಮುಂದೆ, ಅವರು ಹಿಂದೆ. ಗುಡಿಯ ಕಟ್ಟೆಯಲ್ಲಿ ಕೂರಿಸಿ ಡಬ್ಬಿ ಬಿಚ್ಚಿ ಅರ್ಧ ಪುಳಿಯೋಗರೆ ಮುತ್ತುಗದ ಎಲೆಗೆ ಹಾಕಿ ಕೊಟ್ಟರು. ಯಾವ ಊರು, ಎಷ್ಟು ಮಕ್ಕಳು ಎಂದು ಯಾರಾದರೂ ಕೇಳುತ್ತಾರೆಂದು ಆ ದಿನಗಳಲ್ಲಿ ನಾನು ಮದುವೆ ಮುಂಜಿಗೂ ಹೋಗುತ್ತಿರಲಿಲ್ಲ. ಅವರು ಏನೂ ಕೇಳಲಿಲ್ಲ. ಉಪ್ಪು ಸರಿಯಿದೆಯಾ ಎಂದು ಮಾತ್ರ ಕೇಳಿದರು. ಮುಂದಿನ ಭಾನುವಾರ ನಾನು ಮತ್ತೆ ಹೋದೆ. ಆಮೇಲೆ ಹೋಗದೆ ಇರಲು ಆಗಲಿಲ್ಲ.

ಅವರೊಂದಿಗೆ ನಡೆಯುವುದೆಂದರೆ ಒಬ್ಬನೇ ನಡೆದ ಹಾಗೆಯೇ. ಕಾಡಿನಲ್ಲಿ ಬಾಯಿ ತೆಗೆದರೆ ಬೆರಳು ತೋರಿಸುತ್ತಿದ್ದರು. ಏನಾದರೂ ಕೇಳಿದರೆ ನಿಂತುಬಿಡುವರು. ಅವರು ನಿಂತರೆ ನಾನೂ ನಿಲ್ಲಬೇಕು. ಹಾಗೆ ನಿಂತೇ ನನಗೆ ಮರಕುಟಿಗನ ಕುಟುಕು, ಕಡವೆಯ ಕೂಗು, ನೀರುನಾಯಿ ಮರಿಗಳ ಕಿಚಿಪಿಚಿ ಗುರುತಾದವು. ಅವರ ಸಹನೆಗೂ ಮಿತಿಯಿತ್ತು. ನೆಡುತೋಪಿನಲ್ಲಿ ಪಿಕ್ನಿಕ್ಕಿಗೆ ಬಂದವರು ಟೇಪ್‌ರೆಕಾರ್ಡರ್ ಹಾಕಿದರೆ ಹತ್ತಿರ ಹೋಗಿ ಬಹಳ ವಿನಯದಿಂದ, ಮೊನ್ನೆ ಇಲ್ಲೇ ಒಂಟಿಸಲಗ ಒಬ್ಬನನ್ನು ಅಟ್ಟಿಸಿಕೊಂಡು ಹೋಯಿತು, ಅದಕ್ಕೆ ಹಾಡೆಂದರೆ ಆಗುವುದಿಲ್ಲ ಎಂದು ಹೇಳಿ ಬರುತ್ತಿದ್ದರು. ಹತ್ತು ನಿಮಿಷದಲ್ಲಿ ಜಾಗ ಖಾಲಿ. ಸುಳ್ಳಲ್ಲವಾ ಎಂದರೆ, ಮೊನ್ನೆ ಅಂದದ್ದು ಮಾತ್ರ ಸುಳ್ಳು ಎನ್ನುತ್ತಿದ್ದರು.

ಮರುವರ್ಷದ ಬೇಸಿಗೆಯ ಒಂದು ಬೆಳಿಗ್ಗೆ ಬಂಡೆಗಳ ಹತ್ತಿರ ಬರುತ್ತಲೇ ಅವರು ನನ್ನ ತೋಳು ಹಿಡಿದು ಕೂರಿಸಿದರು. ಎದುರಿನ ದಂಡೆಯಲ್ಲಿ ಮೂರು ಆನೆ ನೀರಿಗೆ ಇಳಿದಿದ್ದವು, ಜೊತೆಗೊಂದು ಮರಿ. ನಡುವೆ ಸಾಕಷ್ಟು ನೀರಿದ್ದರೂ ಅವು ಹೋಗುವವರೆಗೆ ಅಲ್ಲಾಡಬಾರದು ಎಂದರು. ನಾನು ಅವರ ಎಡಕ್ಕೆ ಕೂತಿದ್ದೆ. ಮರಿ ಕೆಸರಿನಲ್ಲಿ ಜಾರಿ ಬೀಳುತ್ತಿತ್ತು, ತಾಯಿ ಸೊಂಡಿಲಿನಿಂದ ಎತ್ತುತ್ತಿತ್ತು, ಮತ್ತೆ ಬೀಳುತ್ತಿತ್ತು. ನೋಡುತ್ತ ನೋಡುತ್ತ ನನಗೆ ಏನಾಯಿತೋ, ಪಿಸುಗುಟ್ಟುವ ದನಿಯಲ್ಲಿ ಮಗುವಿನ ಕಥೆಯನ್ನೆಲ್ಲ ಹೇಳತೊಡಗಿದೆ. ಜ್ವರ ಬಂದದ್ದು, ಶಾರದೆ ನನ್ನನ್ನು ಎಬ್ಬಿಸಿದ್ದು, ನಾನು ಬೆಳಗಾಗಲಿ ಎಂದದ್ದು. ಅವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಕೇಳಿಸುವಂತಿದ್ದರೆ ಹೇಳುತ್ತಿರಲಿಲ್ಲ.

ಆನೆಗಳು ಹೋದವು. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತಿದ್ದೆ. ಮುರುಗೇಶಣ್ಣ ಏಳಲಿಲ್ಲ.

"ತುಟಿ ಆಡ್ತಾ ಇತ್ತು. ಏನೂ ಕೇಳಿಸಲಿಲ್ಲ. ಹೇಳೋ ಮಾತಾದ್ರೆ ಈ ಕಡೆ ಬಂದು ಕೂತು ಹೇಳು."

ನಾನು ಅವರನ್ನು ಸುತ್ತಿಕೊಂಡು ಬಲಕ್ಕೆ ಹೋಗಿ ಕೂತು, ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಕಷ್ಟವಾಯಿತು. ಅವರು ನೀರು ನೋಡುತ್ತಲೇ ಕೇಳಿದರು. ಹಣೆಬರಹ ಅನ್ನಲಿಲ್ಲ, ನಿನ್ನ ತಪ್ಪಲ್ಲ ಎಂದೂ ಅನ್ನಲಿಲ್ಲ. ಮಗುವಿಗೆ ಹೆಸರಿಟ್ಟಿದ್ದಿರಾ ಎಂದು ಕೇಳಿದರು. ಇಲ್ಲ, ಪುಟ್ಟಿ ಅಂತ ಕರೆಯುತ್ತಿದ್ದೆವು ಎಂದೆ. ಪುಟ್ಟಿ, ಎಂದು ಅವರೂ ಒಮ್ಮೆ ಅಂದರು. ಹೆಂಡತಿ ಎಲ್ಲಿ ಎಂದರು. ಅವಳು ಬರಲಿ ಎಂದು ಕಾಯುತ್ತಿದ್ದೇನೆ ಎಂದೆ.

"ಕಬ್ಬಿಣ ಬಿಸಿ ಇದ್ದಾಗ ಬಡಿ ಅಂತಾರಲ್ಲ, ನಾನು ಬಡಿ ಅನ್ನಲ್ಲ. ಆದ್ರೆ ಆರಕ್ಕೆ ಬಿಡಬೇಡ. ಆರಿದ್ಮೇಲೆ ಮುಟ್ಟಿದ್ರೆ ಸೀಳ್ತದೆ. ಹೋಗಿ ಹತ್ರ ಕೂತ್ಕೋ. ಮಾತಾಡದಿದ್ರೂ ಪರವಾಗಿಲ್ಲ, ಕೂತ್ಕೋ."

ಮುಂದಿನ ಭಾನುವಾರ ಕೆರೆಗೆ ಹೋಗದೆ ತರೀಕೆರೆಗೆ ಹೋದೆ. ಶಾರದೆ ಕಾಫಿ ತಂದಿಟ್ಟು ಒಳಗೆ ಹೋದಳು. ಸಂಜೆಯ ಬಸ್ಸಿನವರೆಗೆ ಜಗಲಿಯಲ್ಲಿ ಕೂತು ಬಂದೆ. ಅದರ ಮುಂದಿನ ವಾರವೂ ಹಾಗೆಯೇ. ಐದನೆಯ ವಾರವೋ ಆರನೆಯ ವಾರವೋ ಅವಳೂ ಬಂದು ಕಂಬಕ್ಕೊರಗಿ ಕೂತಳು. ನಾನು ತಡ ಮಾಡಿದೆ, ನನ್ನದೇ ತಪ್ಪು ಎಂದು ಹೇಳಿದೆ. ಅವಳು ಅತ್ತಳು. ಮಳೆಗಾಲ ಹಿಡಿಯುವ ಮೊದಲು ಹೊಸಮನೆಗೆ ವಾಪಸ್ ಬಂದಳು.

ಮಳೆ ನಿಂತ ಮೇಲೆ ಅವಳನ್ನು ಕೆರೆಗೆ ಕರೆದುಕೊಂಡು ಹೋದೆ. ಮುರುಗೇಶಣ್ಣ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಹಳ್ಳದಲ್ಲಿ ತಾವು ಮೊಣಕಾಲು ನೀರಿಗೆ ಇಳಿದು, ಅವಳು ಕಲ್ಲಿನ ಮೇಲೆ ಕಾಲಿಡುವಾಗಲೆಲ್ಲ ಕೋಲು ಚಾಚಿ ಹಿಡಿದರು. ದಾಟಿದ ಮೇಲೆ ದಣಿವಾರಿಸಿಕೊಳ್ಳುತ್ತ ಶಾರದೆ, ಅಣ್ಣಾ, ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಳು. ಅಷ್ಟು ದಿನ ಜೊತೆಗೆ ನಡೆದ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಪಕ್ಕದ ಬೀದಿಯಲ್ಲಿ ತಂಗಿಯಿದ್ದಾಳೆ, ತಂಗಿಯ ಮಗನಿದ್ದಾನೆ ಎಂದರು. ಆಮೇಲೆ ತಾವಾಗಿಯೇ ಹೇಳಿದರು. ವಳ್ಳಿ ಎಂದು ಹೆಂಡತಿಯಿದ್ದಳು. ಸೇಲಂ ಹತ್ತಿರದ ಹಳ್ಳಿಯವಳು. ಎಂಟು ತಿಂಗಳು ಇದ್ದಳು. ಒಂದು ಜಗಳಕ್ಕೆ ತವರಿಗೆ ಹೋದಳು. ಹೋದವಳು ತಾನೇ ಬರಲಿ ಎಂದು ಇವರು ಇದ್ದುಬಿಟ್ಟರು.

"ನೀವು ಹೋಗಲೇ ಇಲ್ವಾ?" ಎಂದಳು ಶಾರದೆ.

"ಹೋದೆ. ಆರು ವರ್ಷ ಆದ್ಮೇಲೆ ಹೋದೆ. ಬಾಗಿಲು ತೆಗೆದಿದ್ದು ಒಂದು ಪುಟ್ಟ ಹುಡುಗಿ, ವಳ್ಳಿದೇ ಕಣ್ಣು. ಅಮ್ಮ ಅಪ್ಪ ಹೊಲಕ್ಕೆ ಹೋಗಿದ್ದಾರೆ ಅಂತು. ಒಂದು ಲೋಟ ನೀರು ಕೇಳಿ ಕುಡಿದು ಬಂದೆ."

ಹೇಳಿ ಎದ್ದು ಬೂಟಿನೊಳಗಿನ ನೀರು ಚೆಲ್ಲಿ ನಡೆದರು. ಬರುವಾಗ ಸ್ಕೂಟರಿನ ಹಿಂದೆ ಕೂತ ಶಾರದೆ ನನ್ನ ಭುಜ ಬಿಗಿಯಾಗಿ ಹಿಡಿದಿದ್ದಳು.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಮೊದಮೊದಲು ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ, ಆಮೇಲೆ ಒಂದು ಸಲ. ಶಾರದೆ ಮತ್ತೆ ಬಸುರಾದಳು. ಭಾನುವಾರಗಳು ತರಕಾರಿಗೆ, ಡಾಕ್ಟರ ಬಳಿಗೆ, ನೆಂಟರಿಗೆ ಹಂಚಿಹೋದವು. ಮಗ ಹುಟ್ಟಿದ. ಮನೆ ಸಣ್ಣದಾಯಿತೆಂದು ಹೊಸಮನೆಯಲ್ಲೇ ಬೇರೆ ಕ್ರಾಸಿಗೆ ಹೋದೆವು. ಭಾನುವಾರ ನನಗೆ ಈಗ ಹೆದರಿಕೆಯ ದಿನವಾಗಿರಲಿಲ್ಲ. ಹೆದರಿಕೆ ಹೋದದ್ದೇ ಕೆರೆಯೂ ಮರೆತುಹೋಯಿತು.

ಒಮ್ಮೆ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಮುರುಗೇಶಣ್ಣ ಸಿಕ್ಕರು. ಮಗ ನನ್ನ ಕಂಕುಳಲ್ಲಿದ್ದ. ಕಿವಿ ಡಾಕ್ಟರಿಗೆ ತೋರಿಸಲು ಬಂದಿದ್ದರು. ಬಲಗಿವಿಯೂ ಮಂದವಾಗುತ್ತಿದೆ ಎಂದು, ಬೇರೆ ಯಾರದೋ ವಿಷಯದಂತೆ ಹೇಳಿದರು. ಶೆಡ್ಡಿನಲ್ಲಿ ಕೆಲಸ ಕಡಿಮೆಯಾಗಿ ಹಳಬರನ್ನು ಬಿಡಿಸುತ್ತಿದ್ದರಂತೆ. ಮಗನ ಕೆನ್ನೆಯನ್ನು ಬೆರಳಿನ ಹಿಂಬದಿಯಿಂದ ಮುಟ್ಟಿದರು, ಅಂಗೈ ದೊರಗು ಎಂದು. ಬಾ ಎಂದು ಕರೆಯಲಿಲ್ಲ. ನಾನೇ, ಮುಂದಿನ ಭಾನುವಾರ ಖಂಡಿತ ಬರ್ತೀನಿ ಎಂದೆ. ಅವರು ಬಲಗಿವಿ ಹತ್ತಿರ ತಂದು ಇನ್ನೊಮ್ಮೆ ಹೇಳಿಸಿಕೊಂಡರು. ಸರಿಪ್ಪಾ, ಎಂದು ಭದ್ರಾವತಿ ಬಸ್ಸು ಹತ್ತಿದರು. ಆ ಭಾನುವಾರ ಮಗನಿಗೆ ನೆಗಡಿಯಿತ್ತು. ಮುಂದಿನ ಭಾನುವಾರ ಏನೂ ಇರಲಿಲ್ಲ, ಆದರೂ ಹೋಗಲಿಲ್ಲ.

ಎರಡು ವರ್ಷದ ಮೇಲೆ ವರ್ಕ್‌ಶಾಪಿನ ಕೆಲಸಕ್ಕೆಂದು ಭದ್ರಾವತಿಗೆ ಹೋದಾಗ ಶೆಡ್ಡಿನ ಹತ್ತಿರ ಕೇಳಿದೆ. ತಂಗಿಯ ಮನೆ ತೋರಿಸಿದರು. ಬಾಗಿಲಿಗೆ ಬಂದ ಹೆಂಗಸಿನ ಮುಖ ಥೇಟ್ ಮುರುಗೇಶಣ್ಣನದೇ. ಅಣ್ಣ ಇದ್ದಾರಾ ಎಂದು ಕೇಳಿದೆ. ಆಕೆ ನನ್ನನ್ನು ನೋಡಿ, ನೀವು ಡ್ರಾಯಿಂಗ್ ಕೆಲಸದವರಾ, ಶಾರದಾ ಅನ್ನೋರ ಯಜಮಾನರಾ ಎಂದರು. ಹೌದೆಂದೆ. ಒಳಗೆ ಕರೆದು ಚಾಪೆ ಹಾಕಿದರು. ಗೋಡೆಯ ಮೇಲೆ ಪಟವಿತ್ತು, ಹಾರವಿತ್ತು.

ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಹೋದರಂತೆ, ಹಿಂದಿನ ಚಳಿಗಾಲದಲ್ಲಿ. ಹೊಸಮನೆಯವರಿಗೆ ತಿಳಿಸಿ ಎಂದು ಎರಡು ಸಲ ಹೇಳಿದ್ದರಂತೆ. ಆಕೆಯ ಮಗ ಎರಡು ದಿನ ಹೊಸಮನೆಯ ಕ್ರಾಸುಗಳಲ್ಲೆಲ್ಲ ಸುತ್ತಿ, ಶಾರದಾ ಎಂಬ ಹೆಸರು ಹಿಡಿದು ಬಾಗಿಲು ತಟ್ಟಿದನಂತೆ. ನಾಲ್ಕು ಜನ ಶಾರದೆಯರು ಸಿಕ್ಕರಂತೆ, ಯಾರ ಗಂಡನೂ ಕೆರೆ ಸುತ್ತುವವನಲ್ಲ. ಶಾರದೆ ಮುರುಗೇಶಣ್ಣನ ಮುಂದೆ ನನ್ನನ್ನು 'ಇವರು' ಎಂದಳೇ ಹೊರತು ಹೆಸರು ಹೇಳಿರಲಿಲ್ಲ. ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕಡೆಗಾಲದಲ್ಲಿ ಅಣ್ಣನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ, ಹಾಗಿದ್ದರೂ ಭಾನುವಾರ ಕಾಡಿಗೆ ಹೊರಟುಬಿಡುತ್ತಿದ್ದ, ನಾನು ಅಡ್ಡ ನಿಂತು ಜಗಳವಾಡುತ್ತಿದ್ದೆ ಎಂದರು.

"ಒಬ್ಬನೇ ಹೋಗಲ್ಲ ಕಣೇ, ಹೊಸಮನೆಯವರು ಏರಿ ಹತ್ರ ಕಾಯ್ತಿರ್ತಾರೆ ಅಂತಿದ್ದ. ಅದಕ್ಕೇ ಬಿಡ್ತಿದ್ದೆ ಸಾರ್. ಎರಡು ವರ್ಷ ಒಂದು ವಾರನೂ ತಪ್ಪಿಸಲಿಲ್ಲವಂತೆ ನೀವು. ಸ್ವಂತದವರೂ ಹಾಗೆ ಬರಲ್ಲ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ, ನಿಮ್ಮ ಹೆಸರೇನು ಸಾರ್, ಇವತ್ತಾದರೂ ತಿಳಿದುಕೊಳ್ಳುತ್ತೇನೆ ಎಂದರು.

ಹೆಸರು ಹೇಳಿದೆ. ಉಳಿದದ್ದನ್ನು ಹೇಳಲಾಗಲಿಲ್ಲ.