ತುಂಬಿಸಿ ಕೊಡಬೇಕಾದ ಪಾತ್ರೆಗಳು

ಪಕ್ಕದ ಮನೆಯ ದೊಡ್ಡಮ್ಮನ ತುರುಬಿನಲ್ಲಿ ಹೂವಿಗಿಂತ ತೆಂಗಿನ ನಾರೇ ಹೆಚ್ಚಾಗಿರುತ್ತಿತ್ತು. ಹಣೆ ತುಂಬ ವಿಭೂತಿ, ಸೀರೆಯೆಲ್ಲ ಕೊಬ್ಬರಿಯ ವಾಸನೆ. ಇಡೀ ಬೀದಿಗೇ ಅವರು ದೊಡ್ಡಮ್ಮ. ತಿಪಟೂರಿನ ಆ ಬೀದಿಯ ಮಧ್ಯಾಹ್ನಗಳು ನಿದ್ದೆಗಣ್ಣಿನಲ್ಲೇ ಕಳೆಯುತ್ತಿದ್ದವು. ಗೋಡೆಯ ಮೇಲೆ ತೆಂಗಿನ ಗರಿಯ ನೆರಳು ತೂಗಾಡುತ್ತಿರುವಾಗ ಅವರು ಸೆರಗಿನಡಿ ಏನನ್ನೋ ಮುಚ್ಚಿಕೊಂಡು ನಮ್ಮ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಆ ವಾಸನೆ ಬರುತ್ತದೆ, ಆಮೇಲೆ ಅವರು.

ಎಪ್ಪತ್ತರ ದಶಕದ ಕೊನೆಯಲ್ಲಿ, ಮನೆಯವರ ಮಾತು ಮೀರಿ ಮದುವೆಯಾಗಿ ಈ ಊರಿಗೆ ಬಂದವಳು ನಾನು. "ಅದೇನ್ ಬೇಯಿಸ್ಕೊಂಡು ತಿಂತೀಯೋ ನೋಡ್ತೀನಿ" ಎಂದು ಅವ್ವ ಮಾತು ಬಿಟ್ಟಿದ್ದಳು. ತವರಿನಿಂದ ಒಂದು ಚಮಚವೂ ಬರಲಿಲ್ಲ. ಇದ್ದದ್ದು ಬತ್ತಿ ಸ್ಟೌ, ಸೊಟ್ಟಗಾದ ಒಂದು ಅಲ್ಯೂಮಿನಿಯಂ ಪಾತ್ರೆ. ಅದರಲ್ಲಿ ರಾಗಿಹಿಟ್ಟು ತೊಳಸಿದರೆ ತಳ ಹತ್ತಿ, ಮುದ್ದೆಯ ಬದಲು ಕರಕಲು ಸಿಗುತ್ತಿತ್ತು. ದೊಡ್ಡಮ್ಮ ತಮ್ಮ ಪಾತ್ರೆ ಕೊಡಲು ಬಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಪೈಕಿ ನಾನು, ಬೇಡ ಎಂದೆ.

ಅವರು ವಾದಿಸಲಿಲ್ಲ. ಮರುದಿನ ದಪ್ಪ ತಳದ ತಪ್ಪಲೆಯಲ್ಲಿ ಸಾರು ತಂದಿಟ್ಟು ಹೋದರು. ತೊಳೆದು ಹಿಂದಿರುಗಿಸಲು ಹೋದರೆ ಬಾಗಿಲಲ್ಲೇ ತಡೆದರು.

"ಬರೀ ಪಾತ್ರೆ ತತ್ತಾರೇನೇ? ತುಂಬ್ಕೊಂಡು ಬಾ, ಹೋಗು."

ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಕೊಡುವುದಿಲ್ಲ, ನಿಜ. ಆದರೆ ಒಂದು ಹಿಡಿ ಸಕ್ಕರೆ ಹಾಕಿದರೂ ಸಾಕಲ್ಲ. ಇವರಿಗೆ ಕಂಠಮಟ್ಟ ತುಂಬಬೇಕು. ಅಷ್ಟು ಅಡುಗೆ ನಮ್ಮ ಮನೆಯಲ್ಲಿ ಎಂದಿಗೆ ಆದೀತು? ತಪ್ಪಲೆ ನಮ್ಮಲ್ಲೇ ಉಳಿಯಿತು. ಕಂಚಿನ ಬಟ್ಟಲು, ಹಿತ್ತಾಳೆಯ ಕೊಳಗ, ತೆಂಗಿನ ಚಿಪ್ಪಿನ ಸೌಟು ಎಲ್ಲ ಬಂದದ್ದು ಹೀಗೆಯೇ. ತುರಿಮಣೆಯಲ್ಲಿ ಏನು ತುಂಬಿ ತರುವುದು? ಅರ್ಧ ತುರಿದ ಕಾಯಿ ಸಮೇತ ತಂದು, "ಕೈ ನೋಯ್ತದೆ, ಉಳಿದದ್ದು ನೀನೇ ತುರ್ಕೊ" ಎಂದು ಇಟ್ಟುಹೋದರು. ಅವರ ಉಪಾಯ ನನಗೆ ತಿಳಿಯಲಿಲ್ಲವೆಂದಲ್ಲ, ಸೋಲುವುದು ಹಿತವಾಗಿತ್ತು.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವ್ವ ಹೇಳದೆ ಕೇಳದೆ ಬಸ್ಸಿಳಿದು ಬಂದಳು. ನಾನು ಅರೆಹೊಟ್ಟೆಯಲ್ಲಿದ್ದರೆ ಕೈಹಿಡಿದು ಕರೆದೊಯ್ಯುವುದೆಂದೇ ಬಂದಿದ್ದಳು. ಕೊಟ್ಟ ನೀರನ್ನೂ ಮುಟ್ಟದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಒಂದೊಂದನ್ನೇ ನೋಡಿದಳು.

"ಇವೆಲ್ಲ ಯಾರವೇ?"

ಅಷ್ಟರಲ್ಲಿ ದೊಡ್ಡಮ್ಮ ಹಿತ್ತಲಿನಿಂದ ಒಳಗೆ ಬಂದರು.

"ನಿಮ್ಮ ಮಗಳವೇ ಕಣ್ರವ್ವ. ನಮ್ಮನೇಗೆ ನೆಂಟ್ರು ಬಂದ್ರೆ ಇಲ್ಲಿಂದ್ಲೇ ಇಸ್ಕೊಂಡೋಗೋದು." ಆಮೇಲೆ ನನ್ನ ಕಡೆ ತಿರುಗಿ, "ತಪ್ಪಲೆ ಒಸಿ ಕೊಡೇ, ಸಾಯಂಕಾಲ ತಂದ್ಕೊಡ್ತೀನಿ" ಎಂದು ತಮ್ಮದೇ ತಪ್ಪಲೆಗೆ ಎರಡೂ ಕೈ ಒಡ್ಡಿದರು.

ಅವ್ವ ನಂಬಿದಳೋ, ನಂಬಿದಂತೆ ಇದ್ದಳೋ, ಕೊನೆಯವರೆಗೂ ಹೇಳಲಿಲ್ಲ. ಕೈಕಾಲು ತೊಳೆದು ಬಂದು, "ಏನ್ ಮಾಡಿದ್ದೀಯ, ಇಕ್ಕು" ಎಂದು ಗೋಡೆಗೊರಗಿ ಕುಳಿತಳು.

ದೊಡ್ಡಮ್ಮ ತೀರಿಕೊಂಡು ಬಹಳ ಕಾಲವಾಯಿತು. ನನ್ನ ಸಂಸಾರವನ್ನು ನೆಲೆಗೆ ನಿಲ್ಲಿಸಿದವರು ಅವರು, ಕಳೆದುಹೋಗಿದ್ದ ತವರನ್ನು ತಂದುಕೊಟ್ಟವರೂ ಅವರೇ. ಈ ಋಣ ತೀರುವಂಥದ್ದಲ್ಲ. ತೀರಲಿ ಎಂಬ ಆಸೆಯೂ ನನಗಿಲ್ಲ.